101ನೇ ದಿನ: ಒಂದು ಟೈಪ್ ಒನ್ ಟ್ರಯಲ್ ಕೈತಪ್ಪಿದ ಪ್ರಕರಣ

ನನ್ನ ತಂಗಿಗೆ 32 ವರ್ಷ. ಅವಳಿಗೆ ಟೈಪ್ ಒನ್ ಡಯಾಬಿಟಿಸ್ ಬಂತು. ದೇಹದ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ಮಾಡುವ ಕೋಶಗಳನ್ನು ನಾಶ ಮಾಡುವ ಸಕ್ಕರೆ ಕಾಯಿಲೆ ಅದು. ಹೊಸದಾಗಿ ಕಾಯಿಲೆ ಬಂದವರಿಗೆಂದೇ ನಡೆಯುತ್ತಿದ್ದ ಒಂದು ಕ್ಲಿನಿಕಲ್ ಟ್ರಯಲ್ (ಹೊಸ ಚಿಕಿತ್ಸೆಯನ್ನು ಜನರ ಮೇಲೆ ಪರೀಕ್ಷಿಸುವ ಅಧ್ಯಯನ) ಸೇರಬೇಕು ಅಂತ ಮನಸ್ಸು ಮಾಡಿದಳು. ಸೇರಲು ಆಗಲಿಲ್ಲ. ಒಂದೇ ಒಂದು ದಿನ ತಡವಾಯಿತು.

ಡಯಾಬಿಟಿಸ್ ಪತ್ತೆಯಾದ 100 ದಿನದೊಳಗೆ ಟ್ರಯಲ್‌ನ ಮೊದಲ ಮಾತ್ರೆ ನುಂಗಿರಬೇಕು ಅನ್ನುವುದು ಅಲ್ಲಿಯ ನಿಯಮ. ತಂಗಿಯ ಕೊನೆಯ ರಿಪೋರ್ಟ್ ಬಂದದ್ದು 101ನೇ ದಿನ. ರಿಪೋರ್ಟ್‌ನಲ್ಲಿ ಏನೂ ತೊಂದರೆ ಇರಲಿಲ್ಲ.

ಟ್ರಯಲ್‌ಗಳಿಗೆ ಜನ ಸಿಗುವುದಿಲ್ಲ ಅನ್ನುವ ಮಾತು ಬಂದಾಗಲೆಲ್ಲ ಮೊದಲು ಕೇಳಿಸುವ ಕಾರಣ ಒಂದೇ. ಜನರಿಗೆ ಭಯ, ನಂಬಿಕೆ ಇಲ್ಲ ಅಂತ. ಇರಬಹುದು. ಆದರೆ ನಾನು ಫೈಲು, ಮೆಸೇಜು, ಫೋನ್ ಕರೆಗಳ ಪಟ್ಟಿ ಎಲ್ಲ ಮುಂದಿಟ್ಟುಕೊಂಡು ಕೂತು ಈ 101 ದಿನಗಳ ಲೆಕ್ಕ ಹಾಕಿದೆ. ಯಾವ ದಿನವನ್ನು ಯಾರು ತಿಂದರು ಅಂತ. ಭಯದ ಪಾಲಿಗೆ ಬಂದದ್ದು 7 ದಿನ. ಅದನ್ನೂ ಧಾರಾಳವಾಗಿ ಲೆಕ್ಕ ಹಾಕಿದರೆ ಮಾತ್ರ.

ಆಸ್ಪತ್ರೆ, ಕಂಪನಿ, ಔಷಧಿ ಯಾವುದರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಬಹುತೇಕ ಎಲ್ಲರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿದರು. ನನ್ನನ್ನು ಕಾಡುವುದೂ ಅದೇ.

ಮೊದಲ 33 ದಿನ

ಎರಡು ತಿಂಗಳಿಂದ ಅವಳಿಗೆ ವಿಪರೀತ ಬಾಯಾರಿಕೆ. ರಾತ್ರಿ ನಾಲ್ಕು ಸಲ ಏಳುತ್ತಿದ್ದಳು. ಆರು ಕೆಜಿ ಇಳಿದಿದ್ದಳು. ಕ್ಲಿನಿಕ್‌ಗೆ ಹೋದಾಗ ಖಾಲಿ ಹೊಟ್ಟೆಯ ಸಕ್ಕರೆ 268, ಸುಮಾರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 10.9. ವೈದ್ಯರು ವಯಸ್ಸು ನೋಡಿದರು, ದೊಡ್ಡವರಲ್ಲಿ ಸಾಮಾನ್ಯವಾದ ಟೈಪ್ ಟೂ ಅಂದರು, ಮೆಟ್‌ಫಾರ್ಮಿನ್ ಬರೆದರು. ಆ ದಿನವೇ ನಮ್ಮ ಲೆಕ್ಕದ ಸೊನ್ನೆ.

ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯಾ ಅಂತ ಕೇಳಿದ್ದಾರೆ. "ಅಣ್ಣನಿಗೆ ಇದೆ" ಅಂದಿದ್ದಾಳೆ. ಫೈಲಿನಲ್ಲಿ ಅದು "ಕುಟುಂಬದಲ್ಲಿ: ಡಯಾಬಿಟಿಸ್" ಅಂತ ದಾಖಲಾಗಿದೆ. ಆ ಅಣ್ಣ ನಾನು. 17 ವರ್ಷದಿಂದ ನನಗಿರುವುದು ಟೈಪ್ ಒನ್. ಯಾವ ಟೈಪ್ ಅಂತ ಅವರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಅವರನ್ನಷ್ಟೇ ದೂರಿ ಪ್ರಯೋಜನ ಇಲ್ಲ. ನನಗಾದರೂ ಹೊಳೆಯಬೇಕಿತ್ತು ಅಲ್ವಾ? "ಬರೀ ಮಾತ್ರೆ ಕೊಟ್ಟಿದ್ದಾರೆ ಅಣ್ಣ, ನಿನ್ನ ತರಹ ಸೂಜಿ ಇಲ್ಲ" ಅಂತ ಫೋನಿನಲ್ಲಿ ಹೇಳಿದಳು. ಸದ್ಯ, ಬಚಾವಾದಳು ಅಂದುಕೊಂಡೆ. ತೂಕ ಇಳಿಯುತ್ತಿರುವುದನ್ನೂ ಹೇಳಿದ್ದಳು. ಮೆಟ್‌ಫಾರ್ಮಿನ್‌ಗೆ ಸ್ವಲ್ಪ ಇಳಿಯುತ್ತದೆ ಅಂತ ನಾನೇ ಸಮಾಧಾನ ಹೇಳಿದೆ.

ಟೈಪ್ ಒನ್ ಅಂದರೆ ಮಕ್ಕಳ ಕಾಯಿಲೆ ಅನ್ನುವ ಭಾವನೆ ಇನ್ನೂ ಗಟ್ಟಿಯಾಗಿದೆ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಮಾಹಿತಿಯನ್ನು ಜೀನ್‌ಗಳ ಆಧಾರದ ಮೇಲೆ ವಿಶ್ಲೇಷಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. 60 ವರ್ಷದೊಳಗೆ ಬರುವ ಟೈಪ್ ಒನ್‌ನಲ್ಲಿ ಶೇ. 42ರಷ್ಟು 30 ದಾಟಿದ ಮೇಲೆ ಬಂದದ್ದು ಅಂತ ಅದು ತೋರಿಸಿತು. ಆದರೆ ಆ ವಯಸ್ಸಿನಲ್ಲಿ ಟೈಪ್ ಟೂ ಅದಕ್ಕಿಂತ ಎಷ್ಟೋ ಜಾಸ್ತಿ. ಆ ಗುಂಪಿನಲ್ಲಿ ಟೈಪ್ ಒನ್ ಅಡಗಿ ಕೂತುಬಿಡುತ್ತದೆ. ಹೀಗೆ ತಪ್ಪು ಹೆಸರು ಬಿದ್ದವರು ಟೈಪ್ ಒನ್ ಟ್ರಯಲ್‌ನ ಕಣ್ಣಿಗೆ ಬೀಳುವುದೇ ಇಲ್ಲ.

33ನೇ ದಿನ ವಾಂತಿ, ಏದುಸಿರು. ಆಸ್ಪತ್ರೆಗೆ ಸೇರಿಸಿದಾಗ ಕೀಟೋಆಸಿಡೋಸಿಸ್ ಅಂದರು. ಇನ್ಸುಲಿನ್ ಸಾಲದೆ ರಕ್ತ ಆಮ್ಲೀಯವಾಗಿ ಪ್ರಾಣಕ್ಕೇ ಕುತ್ತು ಬರುವ ಸ್ಥಿತಿ ಅದು. ಅಂದೇ ಮೊದಲ ಇನ್ಸುಲಿನ್.

ನಿಜವಾಗಿ ಲೆಕ್ಕ ಇನ್ನೂ ಹಿಂದಿನಿಂದ ಶುರುವಾಗಬೇಕಿತ್ತು. ಟೈಪ್ ಒನ್ ಇರುವವರ ಹತ್ತಿರದ ರಕ್ತಸಂಬಂಧಿಗಳಿಗೆ ಅದು ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು 15 ಪಟ್ಟು ಜಾಸ್ತಿ. ಸಕ್ಕರೆ ಏರುವ ಎಷ್ಟೋ ಮೊದಲೇ ರಕ್ತದಲ್ಲಿ ಆಟೋಆಂಟಿಬಾಡಿಗಳು, ಅಂದರೆ ದೇಹ ತನ್ನದೇ ಕೋಶಗಳ ವಿರುದ್ಧ ಮಾಡಿಕೊಳ್ಳುವ ಪ್ರತಿಕಾಯಗಳು, ಕಾಣಿಸಿಕೊಳ್ಳುತ್ತವೆ. ಎರಡು ಅಥವಾ ಹೆಚ್ಚು ಆಂಟಿಬಾಡಿ ಇದ್ದು ಸಕ್ಕರೆ ಸರಿ ಇದ್ದರೆ ಮೊದಲ ಹಂತ. ಸಕ್ಕರೆ ಏರುಪೇರಾಗತೊಡಗಿದರೆ ಎರಡನೇ ಹಂತ. ನಾವೆಲ್ಲ "ಕಾಯಿಲೆ ಬಂತು" ಅನ್ನುವುದು ಮೂರನೇ ಹಂತಕ್ಕೆ. ಟೆಪ್ಲಿಜುಮ್ಯಾಬ್ ಅನ್ನುವ ಔಷಧಿಯ ಹೆಸರು ಮಾಡಿದ ಟ್ರಯಲ್ ನಡೆದದ್ದು ಎರಡನೇ ಹಂತದ ಸಂಬಂಧಿಗಳ ಮೇಲೆ. 14 ದಿನದ ಒಂದು ಕೋರ್ಸ್ ಕಾಯಿಲೆಯನ್ನು ಸುಮಾರು ಎರಡು ವರ್ಷ ಮುಂದಕ್ಕೆ ತಳ್ಳಿತು. 2019ರಲ್ಲಿ ಫಲಿತಾಂಶ ಬಂತು, 2022ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಆ ಟ್ರಯಲ್‌ನಲ್ಲಿ ಇದ್ದವರು 76 ಜನ. ಅಷ್ಟು ಜನರನ್ನು ಸೇರಿಸಲು 2011ರಿಂದ 2018ರವರೆಗೆ ಹಿಡಿಯಿತು.

76 ಜನಕ್ಕೆ ಏಳು ವರ್ಷ ಯಾಕೆ ಬೇಕಾಯಿತು ಅಂತ ಮೊದಲು ಓದಿದಾಗ ಅರ್ಥವಾಗಿರಲಿಲ್ಲ. ಆಮೇಲೆ ನಮ್ಮ ಮನೆಯನ್ನೇ ನೋಡಿದೆ. 17 ವರ್ಷ ನಾನು ತಪಾಸಣೆಗೆ ಹೋಗಿ ಬಂದಿದ್ದೇನೆ. "ನಿಮ್ಮ ತಂಗಿ, ತಮ್ಮನಿಗೆ ಆಂಟಿಬಾಡಿ ನೋಡಿಸಿ" ಅಂತ ಒಬ್ಬರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

33ರಿಂದ 66: ಯಾರ ಕೆಲಸವೂ ಅಲ್ಲದ ಕೆಲಸ

ಐದು ದಿನ ಆಸ್ಪತ್ರೆಯಲ್ಲಿದ್ದಳು. ಅಲ್ಲಿಯ ವೈದ್ಯೆಗೆ ಅನುಮಾನ ಬಂದು ಆಂಟಿಬಾಡಿ ಪರೀಕ್ಷೆಗೆ ರಕ್ತ ಕಳಿಸಿದರು. ಹೊರಗಿನ ಲ್ಯಾಬ್. 51ನೇ ದಿನ ರಿಪೋರ್ಟ್ ಬಂತು. ಗ್ಯಾಡ್ ಆಂಟಿಬಾಡಿ ಪಾಸಿಟಿವ್, ಜಿಂಕ್ ಟ್ರಾನ್ಸ್‌ಪೋರ್ಟರ್ ಆಂಟಿಬಾಡಿಯೂ ಪಾಸಿಟಿವ್. ಹೆಸರು ಬದಲಾಯಿತು, ಟೈಪ್ ಒನ್.

ಆ ಭೇಟಿಯಲ್ಲಿ ಇಪ್ಪತ್ತು ನಿಮಿಷ ಸಿಕ್ಕಿತು. ಡೋಸ್ ಲೆಕ್ಕ, ಸಕ್ಕರೆ ಕುಸಿದರೆ ಏನು ಮಾಡಬೇಕು, ಸೂಜಿ ಎಲ್ಲಿ ಚುಚ್ಚಬೇಕು. ಟ್ರಯಲ್ ವಿಷಯ ಬರಲಿಲ್ಲ. ಅದನ್ನು ತಪ್ಪು ಅನ್ನಲಾರೆ. ಮೊನ್ನೆ ಮೊನ್ನೆ ಸಾವಿನ ಬಾಗಿಲು ನೋಡಿ ಬಂದವಳಿಗೆ ಬದುಕುವುದು ಹೇಗೆ ಅಂತ ಹೇಳಿಕೊಡುವುದು ಮೊದಲು. ಆದರೆ ಟ್ರಯಲ್‌ಗಳಿಗೆ ಬೇಕಾದ ಹೊತ್ತೂ ಅದೇ. ಮನುಷ್ಯ ಯಾವ ಹೊಸ ವಿಷಯವನ್ನೂ ಕೇಳುವ ಸ್ಥಿತಿಯಲ್ಲಿಲ್ಲದಾಗಲೇ ಗಡಿಯಾರ ಓಡುತ್ತಿರುತ್ತದೆ.

ಈ ಗಡಿಯಾರಕ್ಕೂ ಕಾರಣ ಇದೆ. ಕಾಯಿಲೆ ಪತ್ತೆಯಾದಾಗ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳು ಇನ್ನೂ ಒಂದಷ್ಟು ಉಳಿದಿರುತ್ತವೆ. ಅವನ್ನು ಉಳಿಸಿಕೊಳ್ಳಬಹುದಾ ಅನ್ನುವುದೇ ಇಂಥ ಟ್ರಯಲ್‌ಗಳ ಪ್ರಶ್ನೆ. ತಡವಾದಷ್ಟೂ ಉಳಿಸಲು ಏನೂ ಇರುವುದಿಲ್ಲ. ಹಾಗಾಗಿ ಕೆಲವು ಕಡೆ 100 ದಿನ. ಟೆಪ್ಲಿಜುಮ್ಯಾಬ್ ಅನ್ನು ಹೊಸದಾಗಿ ಪತ್ತೆಯಾದ 8ರಿಂದ 17 ವರ್ಷದವರಲ್ಲಿ ಪರೀಕ್ಷಿಸಿದ ಪ್ರೊಟೆಕ್ಟ್ ಟ್ರಯಲ್‌ನಲ್ಲಂತೂ ಬರೀ ಆರು ವಾರ. ಬಾರಿಸಿಟಿನಿಬ್ ಮಾತ್ರೆಯ ಬ್ಯಾಂಡಿಟ್ ಟ್ರಯಲ್‌ನಲ್ಲಿ 100 ದಿನ, ವಯಸ್ಸು 10ರಿಂದ 30. ಎರಡರ ಫಲಿತಾಂಶವೂ 2023ರಲ್ಲಿ ಬಂತು. ಉಳಿದ ಕೋಶಗಳನ್ನು ಸ್ವಲ್ಪ ಕಾಲ ಕಾಪಾಡಲು ಆಗುತ್ತದೆ ಅಂತ ಎರಡೂ ತೋರಿಸಿದವು. 32 ವರ್ಷದ ನನ್ನ ತಂಗಿಗೆ ಈ ಎರಡರಲ್ಲೂ ಜಾಗ ಇರುತ್ತಿರಲಿಲ್ಲ, ಬಿಡಿ.

66ನೇ ದಿನ ನಾನು ನನ್ನದೇ ಯಾವುದೋ ಕಾರಣಕ್ಕೆ ಟ್ರಯಲ್ ರಿಜಿಸ್ಟ್ರಿ, ಅಂದರೆ ಟ್ರಯಲ್‌ಗಳ ಸಾರ್ವಜನಿಕ ಪಟ್ಟಿ, ನೋಡುತ್ತಿದ್ದೆ. ನನ್ನ ಅನುಭವ ಬೇರೆ. ಸಕ್ಕರೆ ಕುಸಿಯುವುದು ನನಗೆ ಗೊತ್ತೇ ಆಗುವುದಿಲ್ಲ. ಒಂದು ಇನ್ಸುಲಿನ್ ಪಂಪ್ ಟ್ರಯಲ್‌ನವರು ಅದೇ ಕಾರಣಕ್ಕೆ ನನ್ನನ್ನು ಬೇಡ ಅಂದಿದ್ದರು. ಕಾಂಡಕೋಶದಿಂದ ಮಾಡಿದ ಐಲೆಟ್ (ಇನ್ಸುಲಿನ್ ಮಾಡುವ ಕೋಶಗಳ ಗುಂಪು) ಕಸಿಯ ಟ್ರಯಲ್‌ನಲ್ಲಾದರೆ ಆ ಲಕ್ಷಣ ಇದ್ದವರೇ ಬೇಕು. ಒಂದು ಕಡೆ ಬಾಗಿಲು ಹಾಕಿಸುವುದೇ ಇನ್ನೊಂದು ಕಡೆ ತೆಗೆಸುತ್ತದೆ. ಅದನ್ನು ಹುಡುಕುತ್ತಿರುವಾಗ ಕಣ್ಣಿಗೆ ಬಿತ್ತು: ಹೊಸದಾಗಿ ಪತ್ತೆಯಾದವರು, 35 ವರ್ಷದವರೆಗೆ, 100 ದಿನದೊಳಗೆ. ನನಗೇ ಟೈಪ್ ಒನ್ ಇಲ್ಲದಿದ್ದರೆ, ನನಗೆ ರಿಜಿಸ್ಟ್ರಿ ಕೆದಕುವ ಚಟ ಇಲ್ಲದಿದ್ದರೆ, ಈ ಪ್ರಕರಣ ಇಲ್ಲಿಗೇ ಮುಗಿಯುತ್ತಿತ್ತು. ಮುಗಿದಿದೆ ಅಂತಲೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

66ರಿಂದ 83

ಹತ್ತಿರದ ಕೇಂದ್ರಕ್ಕೆ ಫೋನ್ ಮಾಡಿದೆ. ರಿಜಿಸ್ಟ್ರಿಯಲ್ಲಿ "ಸೇರಿಸಿಕೊಳ್ಳುತ್ತಿದ್ದೇವೆ" ಅಂತಲೇ ಇತ್ತು. ಅವರು ನಿಲ್ಲಿಸಿ ಬಹಳ ದಿನ ಆಗಿತ್ತಂತೆ. ಎರಡನೇ ಕೇಂದ್ರ ಆರು ಗಂಟೆ ಪ್ರಯಾಣದ ದೂರದಲ್ಲಿ. ಮೇಲ್ ಹಾಕಿದೆ, ಮತ್ತೆ ಹಾಕಿದೆ. 74ನೇ ದಿನ ಕೋಆರ್ಡಿನೇಟರ್ ಫೋನ್ ಮಾಡಿದರು. ಒಳ್ಳೆಯ ಹೆಂಗಸು. ಇಡೀ ಟ್ರಯಲ್‌ಗೆ ಅಲ್ಲಿದ್ದವರು ಅವರೊಬ್ಬರೇ, ರಜೆಯಲ್ಲಿದ್ದರಂತೆ.

ಫೈಲ್ ನೋಡಿದವರು 76ನೇ ದಿನ ಕೇಳಿದ ಮೊದಲ ಪ್ರಶ್ನೆ: "ಪತ್ತೆಯಾದ ದಿನ ಅಂತ ಯಾವುದನ್ನು ಹಿಡಿಯೋಣ?"

ಸರಿಯಾದ ಪ್ರಶ್ನೆಯೇ. ಟೈಪ್ ಟೂ ಅಂದ ದಿನವಾ? ಇನ್ಸುಲಿನ್ ಶುರುವಾದ ದಿನವಾ? ಟೈಪ್ ಒನ್ ಅಂತ ಖಚಿತವಾದ ದಿನವಾ? ಮೊದಲನೆಯದಾದರೆ ಇನ್ನು 24 ದಿನ ಉಳಿದಿದೆ. ಎರಡನೆಯದಾದರೆ 57, ಮೂರನೆಯದಾದರೆ 75. ಕೆಲವು ಟ್ರಯಲ್‌ಗಳು ಮೊದಲ ಇನ್ಸುಲಿನ್‌ನಿಂದ ಎಣಿಸುತ್ತವೆ. ಈ ಟ್ರಯಲ್‌ನ ಪ್ರೊಟೊಕಾಲ್‌ನಲ್ಲಿ, ಅಂದರೆ ನಿಯಮಾವಳಿಯಲ್ಲಿ, ಬರೀ "ಡಯಾಬಿಟಿಸ್ ಪತ್ತೆಯಾದ ದಿನಾಂಕ" ಅಂತ ಇತ್ತು. ಕೋಆರ್ಡಿನೇಟರ್ ಟ್ರಯಲ್ ನಡೆಸುವ ಮೇಲಿನವರಿಗೆ ಬರೆದರು. 82ನೇ ದಿನ ಉತ್ತರ ಬಂತು: ಮೊದಲ ದಿನಾಂಕವೇ. ಒಬ್ಬರಿಗೋಸ್ಕರ ನಿಯಮ ಸಡಿಲಿಸುವಂತಿಲ್ಲ. ಸಡಿಲಿಸಬಾರದು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಹಾಗೆ ಮಾಡಿದರೆ ಟ್ರಯಲ್‌ನ ಲೆಕ್ಕಕ್ಕೆ ಬೆಲೆ ಇರುವುದಿಲ್ಲ. ಆದರೆ ಆ ಸಾಲು ಬರೆದವರ ಮನಸ್ಸಿನಲ್ಲಿ ಮೊದಲು ಟೈಪ್ ಟೂ ಅನ್ನಿಸಿಕೊಂಡ ದೊಡ್ಡವರು ಇರಲೇ ಇಲ್ಲ ಅನ್ನುವುದು ನನ್ನ ಅನುಮಾನ. 10 ವರ್ಷದ ಮಗುವಿಗೆ ಪತ್ತೆ ಮತ್ತು ಇನ್ಸುಲಿನ್ ಸಾಮಾನ್ಯವಾಗಿ ಒಂದೇ ದಿನ. ಇವಳಂಥವರಿಗೆ ಹಾಗಲ್ಲ.

ಈ ನಡುವೆ ಒಪ್ಪಿಗೆ ಪತ್ರ ಬಂತು. 26 ಪುಟ. ಇಲ್ಲಿಂದ ಆ ಏಳು ದಿನಗಳು, "ಭಯ" ಅಂತ ನಾನು ಬರೆದುಕೊಂಡದ್ದು.

ಅಮ್ಮ ಕೇಳಿದ್ದು ಇದು: "ಕೊಡೋದು ಬರೀ ಸಕ್ಕರೆ ಗುಳಿಗೆ ಆದ್ರೆ? ಮೊದಲೇ ಸಕ್ಕರೆ ಕಾಯಿಲೆ." ನಾವಿಬ್ಬರೂ ನಕ್ಕುಬಿಟ್ಟೆವು, ಅಮ್ಮ ನಗಲಿಲ್ಲ. ಹೋಲಿಕೆಗಾಗಿ ಕೆಲವರಿಗೆ ಔಷಧಿ ಇಲ್ಲದ ಮಾತ್ರೆ ಕೊಡುತ್ತಾರೆ, ಅದು ಪ್ಲಸೀಬೊ. ಅಮ್ಮನ ತಲೆಯಲ್ಲಿ ಪ್ಲಸೀಬೊ ಅಂದರೆ ಇನ್ಸುಲಿನ್ ನಿಲ್ಲಿಸಿ ಸುಳ್ಳು ಔಷಧಿ ಕೊಡುವುದು. ಇಂಥ ಟ್ರಯಲ್‌ನಲ್ಲಿ ಎಲ್ಲರಿಗೂ ಇನ್ಸುಲಿನ್ ಇದ್ದೇ ಇರುತ್ತದೆ, ಹೊಸ ಮಾತ್ರೆ ಅದರ ಮೇಲೆ ಅಂತ ಹೇಳಿದಾಗ ಅರ್ಧ ಸಮಾಧಾನ ಆಯಿತು. ಅದು 26 ಪುಟದಲ್ಲಿ 9ನೇ ಪುಟದಲ್ಲಿತ್ತು. ಮೊದಲ ಪುಟದಲ್ಲಿ ಯಾಕಿಲ್ಲವೋ ಗೊತ್ತಿಲ್ಲ.

ತಂಗಿಯ ಪ್ರಶ್ನೆಗಳು ಬೇರೆ, ಇನ್ನೂ ಹರಿತ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ, ಸೋಂಕು ಬಂದರೆ? ಟ್ರಯಲ್ ಮುಗಿಯುವವರೆಗೂ ಗರ್ಭ ಧರಿಸುವಂತಿಲ್ಲ. ಅವಳೂ ಗಂಡನೂ ಮಗುವಿನ ಯೋಚನೆಯಲ್ಲಿದ್ದರು. 32 ವರ್ಷಕ್ಕೆ ಇನ್ನೆರಡು ವರ್ಷ ಕಾಯುವುದು ಸಣ್ಣ ಮಾತಲ್ಲ. ಕೆಲಸದ ಕಡೆ ಅವಳು ಕಾಯಿಲೆಯ ವಿಷಯ ಹೇಳಿರಲೇ ಇಲ್ಲ. ಇಷ್ಟೊಂದು ಭೇಟಿಗೆ ರಜೆ ಕೇಳಬೇಕಾದರೆ ಹೇಳಲೇಬೇಕು. ಪ್ರಯಾಣದ ಖರ್ಚು ವಾಪಸ್ ಕೊಡುತ್ತಾರೆ, ಆದರೆ ಮೊದಲು ನಮ್ಮ ಕೈಯಿಂದ.

ಮೂರು ರಾತ್ರಿ ಗಂಡ ಹೆಂಡತಿ ಮಾತಾಡಿದರು. "ನನಗೆ ಉಪಯೋಗ ಆಗುತ್ತೋ ಇಲ್ವೋ, ಗೊತ್ತಂತೂ ಆಗುತ್ತಲ್ಲ ಅಣ್ಣ" ಅಂದಳು 83ನೇ ದಿನ. ಇದನ್ನು ಭಯ ಅಂತ ಕರೆಯಲು ನನಗೆ ಈಗ ಮನಸ್ಸಿಲ್ಲ. ಓದಿ, ಯೋಚಿಸಿ ತೀರ್ಮಾನ ಮಾಡಲು ಹಿಡಿದ ಹೊತ್ತು ಅದು. ಮೇಲಿನವರ ಉತ್ತರ ಬಂದದ್ದೂ 82ಕ್ಕೆ. ಅಂದರೆ ಅವಳಿಂದ ಹೆಚ್ಚಾದದ್ದು ಒಂದೇ ದಿನ.

ಜನಕ್ಕೆ ಮನಸ್ಸಿಲ್ಲ ಅನ್ನುವವರಿಗೆ ನಾನು ಡಿಸಿಸಿಟಿ ಟ್ರಯಲ್ ನೆನಪಿಸುತ್ತೇನೆ. 1983ರಿಂದ 1993ರವರೆಗೆ ಅಮೆರಿಕ, ಕೆನಡಾದಲ್ಲಿ ನಡೆದದ್ದು. ಟೈಪ್ ಒನ್ ಇರುವ 1,441 ಜನ. ಯಾರಿಗೆ ದಿನಕ್ಕೆ ಒಂದೆರಡು ಇಂಜೆಕ್ಷನ್, ಯಾರಿಗೆ ಮೂರು ಅಥವಾ ಹೆಚ್ಚು, ಇಲ್ಲವೇ ಪಂಪ್ ಅನ್ನುವುದು ಚೀಟಿ ಎತ್ತಿದ ಹಾಗೆ ನಿರ್ಧಾರ. ಸರಾಸರಿ ಆರೂವರೆ ವರ್ಷ. ಶೇ. 99 ಜನ ಕೊನೆಯವರೆಗೂ ಉಳಿದರು. ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ಕಣ್ಣು, ಮೂತ್ರಪಿಂಡ ಉಳಿಯುತ್ತವೆ ಅಂತ ಇವತ್ತು ಎಲ್ಲರೂ ಹೇಳುವ ಮಾತು ಅವರಿಂದ ಬಂದದ್ದು.

83ರಿಂದ 101: ಬೆಳಗಿನ ಸಕ್ಕರೆ

ಸ್ಕ್ರೀನಿಂಗ್‌ಗೆ ಸಿಕ್ಕ ಮೊದಲ ದಿನ 90. ವಾರದಲ್ಲಿ ಎರಡೇ ದಿನ ಆ ಪರೀಕ್ಷೆ ಮಾಡುತ್ತಿದ್ದರು.

ಪರೀಕ್ಷೆಯ ಹೆಸರು ಮಿಕ್ಸ್‌ಡ್ ಮೀಲ್ ಟೆಸ್ಟ್. ರಾತ್ರಿಯಿಂದ ಖಾಲಿ ಹೊಟ್ಟೆ. ಬೆಳಗ್ಗೆ ಒಂದು ದ್ರವ ಆಹಾರ ಕುಡಿಯಬೇಕು, ಕೆಜಿಗೆ 6 ಮಿಲಿ ಲೆಕ್ಕದಲ್ಲಿ, ಹೆಚ್ಚೆಂದರೆ 360. 49 ಕೆಜಿಯ ತಂಗಿಗೆ 294 ಮಿಲಿ. ಆಮೇಲೆ ಎರಡು ಗಂಟೆ ಆಗಾಗ ರಕ್ತ ತೆಗೆದು ಸಿ-ಪೆಪ್ಟೈಡ್ ನೋಡುತ್ತಾರೆ. ದೇಹ ತಾನೇ ಒಂದು ಇನ್ಸುಲಿನ್ ಮಾಡಿದಾಗ ಜೊತೆಗೇ ಒಂದು ಸಿ-ಪೆಪ್ಟೈಡ್ ಹೊರಬರುತ್ತದೆ. ಹೊರಗಿನಿಂದ ಚುಚ್ಚಿಕೊಂಡ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲ. ಹಾಗಾಗಿ ಸ್ವಂತ ಕೋಶಗಳು ಎಷ್ಟು ಕೆಲಸ ಮಾಡುತ್ತಿವೆ ಅಂತ ಅದರಿಂದ ಗೊತ್ತಾಗುತ್ತದೆ. ಅತಿ ಹೆಚ್ಚಿನ ಅಂಕಿ ಲೀಟರ್‌ಗೆ 0.2 ನ್ಯಾನೊಮೋಲ್ ಆದರೂ ಇರಬೇಕು.

ಆದರೆ ಅದನ್ನು ಶುರು ಮಾಡಲು ಬೆಳಗಿನ ಸಕ್ಕರೆ 70 ಮತ್ತು 200ರ ನಡುವೆ ಇರಬೇಕು. ಆರು ಗಂಟೆ ಪ್ರಯಾಣ ಮಾಡಿ, ಹೊಸ ಜಾಗದಲ್ಲಿ ನಿದ್ದೆಗೆಟ್ಟು, ರಾತ್ರಿ ಕುಸಿದೀತು ಅನ್ನುವ ಹೆದರಿಕೆಗೆ ಇನ್ಸುಲಿನ್ ಎರಡು ಯೂನಿಟ್ ಕಡಿಮೆ ತೆಗೆದುಕೊಂಡಿದ್ದಳು. ಬೆಳಗ್ಗೆ 243.

ನರ್ಸ್ ಮೀಟರ್ ನೋಡಿದರು, ಕೋಆರ್ಡಿನೇಟರ್ ಮುಖ ನೋಡಿದರು. "ಇವತ್ತು ಆಗಲ್ಲಮ್ಮ." ಉಳಿದ ರಕ್ತ ತೆಗೆದುಕೊಂಡು, ಸಹಿ ಹಾಕಿಸಿಕೊಂಡು ವಾಪಸ್ ಕಳಿಸಿದರು.

17 ವರ್ಷ ಇನ್ಸುಲಿನ್ ತೆಗೆದುಕೊಂಡ ನನಗೂ ಬೆಳಗಿನ ಸಕ್ಕರೆ ಹೇಳಿದ ಮಾತು ಕೇಳುವುದಿಲ್ಲ. ಸಕ್ಕರೆ ತೀರಾ ಜಾಸ್ತಿ ಇದ್ದರೆ ಪರೀಕ್ಷೆಯ ಉತ್ತರ ಕೆಡುತ್ತದೆ ಅನ್ನುವುದು ನಿಜ. ಆದರೆ ಅದಕ್ಕೊಂದು ದಾರಿ ಇತ್ತು. ಹಿಂದಿನ ರಾತ್ರಿ ಯಾರಾದರೂ ಫೋನ್ ಮಾಡಿ, ಎಷ್ಟಿದೆ, ಎಷ್ಟು ಯೂನಿಟ್ ತೆಗೆದುಕೊಳ್ಳುತ್ತೀರಿ ಅಂತ ಕೇಳಿದ್ದರೆ ಸಾಕಿತ್ತು. 94ನೇ ದಿನಕ್ಕೆ ಆ ಕೆಲಸ ನಾನು ಮಾಡಿದೆ. ರಾತ್ರಿ ಮೂರಕ್ಕೆ ಅಲಾರಂ ಇಟ್ಟು ಎಬ್ಬಿಸಿದೆ. ಬೆಳಗ್ಗೆ 148. ಪರೀಕ್ಷೆ ಆಯಿತು.

97ನೇ ದಿನ ಎರಡು ರಿಪೋರ್ಟ್ ಬಂದವು. ಸಿ-ಪೆಪ್ಟೈಡ್ 0.38. ಅಂದರೆ ಅರ್ಹಳು. ಇನ್ನೊಂದು, 90ರಂದು ತೆಗೆದ ರಕ್ತದ ಕ್ಷಯ ಪರೀಕ್ಷೆ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಕೊಡುವ ಮೊದಲು ಅಡಗಿದ ಕ್ಷಯ ಇಲ್ಲ ಅಂತ ಖಚಿತ ಮಾಡಿಕೊಳ್ಳಲೇಬೇಕು. ಇವಳದು ಪಾಸಿಟಿವ್ ಅಲ್ಲ, ನೆಗೆಟಿವ್ ಕೂಡ ಅಲ್ಲ, "ನಿರ್ಧರಿಸಲಾಗದು" ಅಂತ ಬಂತು. ಆ ಪರೀಕ್ಷೆಯಲ್ಲಿ ಹೀಗೆ ಒಮ್ಮೊಮ್ಮೆ ಆಗುತ್ತದೆ, ಇನ್ನೊಮ್ಮೆ ಮಾಡಿದರೆ ಸರಿಹೋಗುತ್ತದೆ. 98ರಂದು ಮತ್ತೆ ಆರು ಗಂಟೆ ಪ್ರಯಾಣ, ಮತ್ತೆ ರಕ್ತ. ಲ್ಯಾಬ್‌ಗೆ ಮೂರು ದಿನ ಬೇಕು.

101ನೇ ದಿನ ಮಧ್ಯಾಹ್ನ ಕೋಆರ್ಡಿನೇಟರ್ ಫೋನ್ ಮಾಡಿದರು. ನೆಗೆಟಿವ್. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರಂತೆ.

ಲೆಕ್ಕ

ತಪ್ಪು ಹೆಸರಿಗೆ 33 ದಿನ. ಆಸ್ಪತ್ರೆ ಮತ್ತು ಆಂಟಿಬಾಡಿ ರಿಪೋರ್ಟ್‌ಗೆ 18. ಟ್ರಯಲ್ ಇದೆ ಅಂತ ಯಾರೂ ಹೇಳದೆ ಹೋದದ್ದು 15. ಸರಿಯಾದ ಕೇಂದ್ರ ಹುಡುಕಲು 8. ಫೈಲ್, ದಿನಾಂಕದ ಪ್ರಶ್ನೆ, ಮನೆಯ ಮಾತುಕತೆಗೆ 9, ಅದರಲ್ಲಿ ಆ 7. ಸ್ಕ್ರೀನಿಂಗ್ ದಿನಕ್ಕೆ ಕಾದದ್ದು 7. ಬೆಳಗಿನ ಸಕ್ಕರೆಗೆ 4. ಕೊನೆಯ ರಿಪೋರ್ಟ್‌ಗಳಿಗೆ 7.

ಇನ್ಸುಲಿನ್ ಶುರುವಾದ ದಿನದಿಂದ ಎಣಿಸಿದ್ದರೆ ಆ 101ನೇ ದಿನ 68ನೇ ದಿನ ಆಗುತ್ತಿತ್ತು. ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುವುದು ಕೊನೆಯ ವಾರದ ಎಡವಟ್ಟುಗಳಲ್ಲ. ಅವು ನೆನಪಿನಲ್ಲಿ ಉಳಿಯುತ್ತವೆ, ಅಷ್ಟೆ. ಮೊದಲ 66 ದಿನದಲ್ಲಿ ತಂಗಿಗೆ ಹೌದು ಅಥವಾ ಬೇಡ ಅನ್ನುವ ಅವಕಾಶವೇ ಇರಲಿಲ್ಲ. ಅವಳು ನಿರಾಕರಿಸಿದವರ ಪಟ್ಟಿಯಲ್ಲೂ ಇಲ್ಲ. ಟ್ರಯಲ್‌ನ ದಾಖಲೆಯಲ್ಲಿ ಅವಳು "ಸ್ಕ್ರೀನಿಂಗ್‌ನಲ್ಲಿ ಅನರ್ಹ" ಅನ್ನುವ ಒಂದು ಅಂಕಿ. ಕಾರಣದ ಜಾಗದಲ್ಲಿ "ಅವಧಿ ಮೀರಿದೆ" ಅಂತ ಇರುತ್ತದೆ. ಅವಧಿಯನ್ನು ಯಾರು ಮೀರಿಸಿದರು ಅಂತ ಬರೆಯಲು ಆ ಫಾರಂನಲ್ಲಿ ಜಾಗ ಇಲ್ಲ.

ಒಂದು ಬದಲಾವಣೆ ನಮ್ಮ ಮನೆಯಲ್ಲಿ ಆಗಿದೆ. ತಮ್ಮನಿಗೆ ಆಂಟಿಬಾಡಿ ನೋಡಿಸಿದೆವು. ಅವನು ಸೂಜಿ ಕಂಡರೆ ಮುಖ ತಿರುಗಿಸುವವನು, ತಂಗಿಯೇ ಎಳೆದುಕೊಂಡು ಹೋದಳು. ನೆಗೆಟಿವ್ ಬಂತು.

ಅವಳು ಈಗ ಇನ್ನೊಂದು ಟ್ರಯಲ್ ಮೇಲೆ ಕಣ್ಣಿಟ್ಟಿದ್ದಾಳೆ. ಇನ್ಸುಲಿನ್ ಪಂಪ್‌ನ ಹೊಸ ಪ್ರೋಗ್ರಾಂ ಪರೀಕ್ಷಿಸುವುದು. ಅಲ್ಲಿಯ ನಿಯಮ ಉಲ್ಟಾ. ಡಯಾಬಿಟಿಸ್ ಪತ್ತೆಯಾಗಿ ಕನಿಷ್ಠ ಒಂದು ವರ್ಷ ಆಗಿರಬೇಕು. ಫೋನ್ ಮಾಡಿ ಅವಳೇ ಕೇಳಿದಳು, ಪತ್ತೆಯಾದ ದಿನ ಅಂದರೆ ಯಾವುದು ಅಂತ. ಫೈಲಿನಲ್ಲಿರುವ ಮೊದಲ ದಿನಾಂಕ ಅಂದರು. ಆ 33 ದಿನ ಈ ಸಲ ಅವಳ ಕಡೆಗಿದೆ.